ನಕ್ಷೆಯ ಹಳದಿಯೊಳಗಿನ ಕೇರಿಗಳು

ನಗರ ಯೋಜನೆಯ ನಕ್ಷೆಯಾದ ಮಾಸ್ಟರ್ ಪ್ಲಾನ್ ಬಿಡಿಸಿ ನೋಡಿದರೆ ವಾಸದ ಜಾಗವೆಲ್ಲ ಹಳದಿ. ಅಂಗಡಿ ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಪಾರ್ಕಿಗೆ ಹಸಿರು. ಹಾಸನದ ಪೆನ್ಷನ್ ಮೊಹಲ್ಲಾ ಹಳದಿ, ಹಾಸನಾಂಬ ದೇವಸ್ಥಾನದ ಸುತ್ತಲಿನ ಹಳೇ ಊರು ಹಳದಿ, ಆಶ್ರಯ ಬಡಾವಣೆ ಹಳದಿ, ಮೊನ್ನೆ ಮೊನ್ನೆ ನಗರದ ಗಡಿಯೊಳಗೆ ಬಂದ ಹಳ್ಳಿಯೂ ಹಳದಿ. ಚಿಕ್ಕಮಗಳೂರಿನ ಉಪ್ಪಳ್ಳಿ, ತಮಿಳು ಕಾಲೊನಿ, ವಿಜಯಪುರ ಮೂರಕ್ಕೂ ಅದೇ ಬಣ್ಣ. ನೆಲ ಯಾವುದಕ್ಕೆ ಎಂದು ಬಣ್ಣ ಹೇಳುತ್ತದೆ. ಅಲ್ಲಿ ಯಾರು ಹೇಗೆ ಬದುಕುತ್ತಾರೆ ಎಂಬುದು ಅದರ ಕೆಲಸವಲ್ಲ. ಆದರೆ ರಸ್ತೆಯ ಅಗಲ, ಸೈಟಿನ ಅಳತೆ, ನೀರಿನ ಪೈಪು, ಸ್ಮಶಾನದ ಗುಂಟೆ ಇವೆಲ್ಲ ತೀರ್ಮಾನವಾಗುವುದು ಆ ಬಣ್ಣದ ಮೇಲೆಯೇ. ತೊಂದರೆ ಶುರುವಾಗುವುದು ಅಲ್ಲಿ.

ಕಾಫಿ ತೋಟಗಳಲ್ಲಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳದು ಇನ್ನೂ ವಿಚಿತ್ರ. ತೋಟ ಕೃಷಿ ವಲಯ, ಹಾಗಾಗಿ ಅಲ್ಲಿ ಮನೆಯೇ ಇಲ್ಲದಂತೆ ನಕ್ಷೆ ತೋರಿಸುತ್ತದೆ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತು. ಕೆಲಸ ಇರುವ ತನಕ ಮನೆ. ಕೆಲಸ ಬಿಟ್ಟ ಮೇಲೆ ಆ ಕುಟುಂಬಗಳು ಹತ್ತಿರದ ಪಟ್ಟಣದ ಅಂಚಿನಲ್ಲಿ ಜಾಗ ಹುಡುಕುತ್ತವೆ. ಮೂಡಿಗೆರೆ, ಸಕಲೇಶಪುರ, ಚಿಕ್ಕಮಗಳೂರಿನ ವಸತಿ ಬೇಡಿಕೆ ಲೆಕ್ಕ ಹಾಕುವವರು ಪಟ್ಟಣದ ಜನಸಂಖ್ಯೆಯನ್ನಷ್ಟೇ ಹಿಡಿದರೆ ಇವರು ಎಣಿಕೆಗೇ ಬರುವುದಿಲ್ಲ. ಆಮೇಲೆ ಕೆರೆ ಅಂಗಳದಲ್ಲಿ ಗುಡಿಸಲು ಎದ್ದಾಗ ಅದಕ್ಕೆ ಒತ್ತುವರಿ ಎಂಬ ಹೆಸರು.

ಜಾತಿ, ಧರ್ಮ, ಭಾಷೆ, ಕಸುಬು ಬೇರೆ ಇದ್ದರೆ ಜಾಗ ಬಳಸುವ ರೀತಿಯೂ ಬೇರೆ. ಇದನ್ನು ಒಪ್ಪಿಕೊಂಡ ಕೂಡಲೇ ಇನ್ನೊಂದು ಹಳ್ಳ ಎದುರಾಗುತ್ತದೆ: ಎಲ್ಲ ಬೇರೆತನವನ್ನೂ ಸಂಸ್ಕೃತಿ ಎಂದು ಗೌರವಿಸಲು ಹೊರಡುವುದು. ಹಂಡೆ ಒಲೆಗೆ ಹಿತ್ತಿಲು ಬೇಕು ಎನ್ನುವುದು ಬದುಕುವ ರೀತಿ. ಕಾಲೊನಿ ಊರಿನ ಆಚೆಗೇ ಇರಲಿ ಎನ್ನುವುದು ಹಾಗಲ್ಲ, ಅದು ಒಬ್ಬರು ಇನ್ನೊಬ್ಬರ ಮೇಲೆ ಹಾಕಿದ ದೂರ. ಎರಡನ್ನೂ ಬಿಡಿಸಿ ನೋಡಲು ಎರಡು ಪ್ರಶ್ನೆ ಸಾಕು. ಈ ಬೇರೆ ವ್ಯವಸ್ಥೆ ಬೇಕೆಂದು ಕೇಳಿದ್ದು ಯಾರು, ಬಳಸುವವರೋ ಅಥವಾ ಪಕ್ಕದವರೋ? ಬಳಸುವವರಿಗೆ ನಾಳೆ ಬೇಡವೆನಿಸಿದರೆ ಇನ್ನೊಂದು ಕಡೆ ಹೋಗಲು ತಡೆ ಇದೆಯೋ ಇಲ್ಲವೋ? ಕೇಳಿದ್ದು ಪಕ್ಕದವರು, ದಾಟಲು ತಡೆ ಇದೆ ಎಂದಾದರೆ ಅದನ್ನು ನಕ್ಷೆಯಲ್ಲಿ ಖಾಯಂ ಮಾಡಬಾರದು. ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರು, ಬಾಣಂತಿಯರು ಹಟ್ಟಿಯ ಹೊರಗೆ ಗುಡಿಸಲಲ್ಲಿ ಇರಬೇಕಾದ ಪದ್ಧತಿಗೆ ಉತ್ತರವಾಗಿ ಸರ್ಕಾರ ಕೆಲವು ಕಡೆ ಕೃಷ್ಣ ಕುಟೀರ ಎಂಬ ತಂಗುಮನೆ ಕಟ್ಟಿಸಿತು. ಮಳೆ ಚಳಿಯಿಂದ ರಕ್ಷಣೆ ಸಿಕ್ಕಿತು, ನಿಜ. ಹೊರಗಿಡುವ ಪದ್ಧತಿಗೂ ಆರ್‌ಸಿಸಿ ಛಾವಣಿ ಸಿಕ್ಕಿತು. ಅದೇ ಕಟ್ಟಡ ಹಟ್ಟಿಯ ಎಲ್ಲ ಹೆಂಗಸರಿಗೂ ಸಂಘದ ಕೋಣೆಯಾಗಿ, ಆರೋಗ್ಯ ತಪಾಸಣೆಯ ಜಾಗವಾಗಿ ತೆರೆದಿದ್ದರೆ ಬೇರೆ ಮಾತಾಗುತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ಸೈಟು ಮತ್ತು ಮನೆ

ಬಡಾವಣೆ ಮಾಡುವವರಿಗೆ ಗೊತ್ತಿರುವ, ಆದರೆ ಕಾಗದದಲ್ಲಿ ಬರೆಯದ ಲೆಕ್ಕ ಒಂದಿದೆ. ರಸ್ತೆ ಉತ್ತರ ದಕ್ಷಿಣವಾಗಿ ಹೋದರೆ ಎರಡೂ ಬದಿಯ ಸೈಟುಗಳು ಪೂರ್ವಕ್ಕೆ, ಪಶ್ಚಿಮಕ್ಕೆ ಮುಖ ಮಾಡುತ್ತವೆ. ಪೂರ್ವ ಪಶ್ಚಿಮವಾಗಿ ಹೋದರೆ ಅರ್ಧ ಸೈಟು ದಕ್ಷಿಣ ದಿಕ್ಕಿಗೆ ಬೀಳುತ್ತವೆ, ಅವು ಕೊನೆಗೆ ಮಾರಾಟವಾಗುತ್ತವೆ. ಹಾಗಾಗಿ ಉದ್ದದ ರಸ್ತೆಗಳನ್ನು ಉತ್ತರ ದಕ್ಷಿಣಕ್ಕೆ ಎಳೆಯುವುದು ರೂಢಿ. ಅರಸೀಕೆರೆ, ಕಡೂರಿನ ಬಯಲಿನಲ್ಲಿ ಇದರ ಬೆಲೆ ಪಶ್ಚಿಮಕ್ಕೆ ಮುಖವಿರುವ ಮನೆಗಳಿಗೆ ಸಂಜೆಯ ಬಿಸಿಲು. ಮೂಡಿಗೆರೆ, ಸಕಲೇಶಪುರದ ಕಡೆ ಬೆಲೆ ಇನ್ನೂ ಜಾಸ್ತಿ: ಮುಂಗಾರು ಬೀಸುವುದು ನೈಋತ್ಯದಿಂದ, ಜೂನ್‌ನಿಂದ ಸೆಪ್ಟೆಂಬರ್ ತನಕ ಪಶ್ಚಿಮದ ಬಾಗಿಲಿಗೆ ಎರಚಲು ನೇರವಾಗಿ ಹೊಡೆಯುತ್ತದೆ. ಅಲ್ಲಿ ಪಶ್ಚಿಮಕ್ಕೆ ಮುಖವಿರುವ ಸಾಲಿಗೆ ಕನಿಷ್ಠ 4 ಅಡಿ ಆಳದ ಜಗಲಿ, ಅದರ ಮೇಲೆ ಮುಂಚಾಚಿದ ಸೂರು ಇಲ್ಲದಿದ್ದರೆ ಎರಡೇ ಮಳೆಗಾಲಕ್ಕೆ ಬಾಗಿಲ ಚೌಕಟ್ಟು ಕೊಳೆಯುತ್ತದೆ. ಈ 4 ಅಡಿಯನ್ನು ಸೈಟಿನ ಅಳತೆ ನಿರ್ಧರಿಸುವಾಗಲೇ ಸೇರಿಸಬೇಕು. ಆಮೇಲೆ ಸೇರಿಸಲು ಹೋದವರು ಚರಂಡಿಯ ಮೇಲೆ ಚಪ್ಪಡಿ ಹಾಕಿಕೊಳ್ಳುತ್ತಾರೆ.

ರಸ್ತೆ ಬಂದು ನೇರ ಗುದ್ದುವ ಸೈಟನ್ನು ದಾರಿ ಕುತ್ತು ಎಂದು ಬಹಳ ಜನ ಬೇಡ ಎನ್ನುತ್ತಾರೆ. ಅದನ್ನು ಬಡವರ ಹಂಚಿಕೆಗೆ ತಳ್ಳುವ ಬದಲು ಟ್ರಾನ್ಸ್‌ಫಾರ್ಮರ್, ಸಣ್ಣ ಪಾರ್ಕು ಅಥವಾ ಅಂಗನವಾಡಿಗೆ ಬಿಟ್ಟರೆ ನಂಬಿಕೆಯವರಿಗೂ ಇಲ್ಲದವರಿಗೂ ನಷ್ಟವಿಲ್ಲ. ವೇಗವಾಗಿ ಬರುವ ಗಾಡಿ ನೇರ ಮನೆಗೆ ನುಗ್ಗುವ ಅಪಾಯ ತಪ್ಪುವುದು ಇನ್ನೊಂದು ಲಾಭ.

20×30ರ ಸೈಟು, ಅಂದರೆ 600 ಚದರಡಿ. ಇದರಲ್ಲಿ ಒಂದೇ ಮಾದರಿಯ ಮನೆ ಎಲ್ಲರಿಗೂ ಹೊಂದುವುದಿಲ್ಲ. ಮಲೆನಾಡಿನವರಿಗೆ ಹಿಂದುಗಡೆ ಬಚ್ಚಲು, ಹಂಡೆ ಒಲೆ, ಸೌದೆ ಒಟ್ಟಲು ಸೂರಿನ ಕೆಳಗೆ ಒಣ ಜಾಗ ಬೇಕು. ಬಯಲಿನ ಕಡೆ ದನ ಕುರಿ ಕಟ್ಟುವವರಿಗೆ ಮನೆಯ ಪಕ್ಕಕ್ಕೆ ಹಾದಿ ಬೇಕು, ಬಣವೆಗೆ, ತಿಪ್ಪೆಗೆ ಸಾಲಿನ ತುದಿಯಲ್ಲಿ ಸಾಮೂಹಿಕ ಜಾಗ ಬೇಕು. ಮುಸ್ಲಿಂ ಮನೆಗಳಲ್ಲಿ ಎದುರು ಮನೆಯ ಬಾಗಿಲಿಗೆ ನೇರವಾಗಿ ತಮ್ಮ ಬಾಗಿಲು ಬರಬಾರದು, ಮುಂಕೋಣೆಯಿಂದ ಒಳಗಿನ ಅಡುಗೆಮನೆ ಕಾಣಬಾರದು ಎನ್ನುವವರು ಹೆಚ್ಚು. ಬಾಗಿಲನ್ನು ಮಧ್ಯದ ಬದಲು ಒಂದು ಮೂಲೆಗೆ ಸರಿಸಿ, ಎದುರು ಸಾಲಿನಲ್ಲಿ ನಕ್ಷೆಯನ್ನು ಕನ್ನಡಿಯಂತೆ ತಿರುಗಿಸದೆ ಹಾಗೇ ಇಟ್ಟರೆ ಇದು ಖರ್ಚಿಲ್ಲದೆ ಬಗೆಹರಿಯುತ್ತದೆ.

ಶೌಚಾಲಯದ ಜಾಗ ಹೆಚ್ಚು ಜಗಳದ್ದು. ಈಶಾನ್ಯದ ಮೂಲೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡು ಕಟ್ಟಿಕೊಟ್ಟದ್ದು ಸೌದೆ ಕೋಣೆಯಾಗುವುದನ್ನು ಕಾಣಲು ಯಾವ ಸಮೀಕ್ಷೆಯೂ ಬೇಕಿಲ್ಲ, ಯಾವುದೇ ವಸತಿ ಯೋಜನೆಯ ಸಾಲಿನಲ್ಲಿ ನಡೆದರೆ ಸಾಕು. ಪರಿಹಾರ ಸುಲಭ. ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಒಂದೊಂದಕ್ಕೆ ಒಂದು ಮಾದರಿ ಅಂತ ನಾಲ್ಕು ನಕ್ಷೆ ಇಟ್ಟುಕೊಳ್ಳಿ. ಗುಂಡಿ ಅಥವಾ ಒಳಚರಂಡಿ ಕೊಳವೆ ಎಲ್ಲಿ ಬರುತ್ತದೆ ಎಂದು ಮೊದಲು ಗುರುತಿಸಿ, ಆಮೇಲೆ ಮಾದರಿ ಆರಿಸಿ. ಕೊಳವೆ ಯಾವಾಗಲೂ ಹಿಂದುಗಡೆಯ ಸಂದಿಯಲ್ಲೇ ಹೋಗಬೇಕೆಂದಿಲ್ಲ. ಸಂದಿ 3 ಅಡಿಗಿಂತ ಕಿರಿದಾದರೆ ಮುಂದೆ ಪೌರಕಾರ್ಮಿಕರು ಅದರೊಳಗೆ ನುಸುಳಿ ಕಟ್ಟಿಕೊಂಡ ಕೊಳವೆಯನ್ನು ಬಿಡಿಸಬೇಕಾಗುತ್ತದೆ. ಆ ಕೆಲಸ ಯಾರ ಮನೆಯವರ ಪಾಲಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತೇ ಇದೆ.

ಬೀಗರ ಊಟ ಮತ್ತು ಆಂಬುಲೆನ್ಸ್

ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿಎ ಸೈಟುಗಳು ಒಂದೊಂದಾಗಿ ಜಾತಿ ಸಂಘಗಳ ಸಮುದಾಯ ಭವನಗಳಾಗುವುದು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಹಳೇ ಕಥೆ. ಸಂಘ ಕಟ್ಟುವ ಶಕ್ತಿ, ಅರ್ಜಿ ಹಾಕುವ ಜಾಣ್ಮೆ, ಹಣ ಕಟ್ಟುವ ಅನುಕೂಲ ಇದ್ದವರಿಗೆ ಭವನ. ಮಡಿವಾಳರು, ಸವಿತಾ ಸಮಾಜದವರು, ಹಕ್ಕಿಪಿಕ್ಕಿಗಳು, ಲೈನಿನಿಂದ ಬಂದ ತಮಿಳು ಕುಟುಂಬಗಳು, ಬಾಡಿಗೆ ಮನೆಯಲ್ಲಿರುವ ವಲಸಿಗರು ಬೀದಿಯಲ್ಲೇ ಚಪ್ಪರ ಹಾಕುತ್ತಾರೆ.

ಇದಕ್ಕೆ ನಮ್ಮ ಕಡೆಯದೇ ಒಂದು ತಿರುವು ಬೀಗರ ಊಟ. ಮದುವೆಯ ದಿನ ಸಿಹಿ ಊಟ, ಮರುದಿನವೋ ಆ ವಾರವೋ ಬಾಡೂಟ. ಬಹಳಷ್ಟು ಕಲ್ಯಾಣ ಮಂಟಪಗಳಲ್ಲಿ ಮಾಂಸಾಹಾರಕ್ಕೆ ಅವಕಾಶವಿಲ್ಲ. ಆಗ ಊಟ ಬೀದಿಗೆ ಬರುತ್ತದೆ. 30 ಅಡಿ ರಸ್ತೆ ಎಂದರೆ ಎರಡೂ ಕಡೆ ಚರಂಡಿ, ಕಂಬ ಕಳೆದು ಉಳಿಯುವುದು 24 ಅಡಿಯ ಆಸುಪಾಸು. 18 ಅಡಿ ಅಗಲದ ಶಾಮಿಯಾನ, ಅದರ ಹಗ್ಗದ ಗೂಟ ಹೋದ ಮೇಲೆ ಬೈಕು ಹೋಗುತ್ತದೆ, ಆಂಬುಲೆನ್ಸ್ ಹೋಗುವುದಿಲ್ಲ. ತಪ್ಪು ಊಟ ಹಾಕಿದವರದ್ದೇ ಎನ್ನುವುದು ಸುಲಭ.

ವಾರ್ಡಿಗೊಂದು ನಗರಸಭೆ ಭವನ, ಎರಡು ಅಡುಗೆಮನೆ: ಇದು ನನ್ನ ಪ್ರಕಾರ ಐದು ಜಾತಿ ಭವನಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸಸ್ಯಾಹಾರದ ಅಡುಗೆಮನೆ ಊಟದ ಹಾಲಿಗೆ ಅಂಟಿಕೊಂಡು, ಬಾಡೂಟದ್ದು ಹಿಂದೆ, ಪ್ರತ್ಯೇಕ ಬಾಗಿಲು, ಪ್ರತ್ಯೇಕ ಪಾತ್ರೆ. ಪಾತ್ರೆಗೆ ಬಣ್ಣದ ಗುರುತು ಬೇಡ, ಉಜ್ಜಿದರೆ ಹೋಗುತ್ತದೆ. ಹಿಡಿಯ ಬುಡದಲ್ಲಿ ಕೊರೆಸಿದ ಗುರುತು ಇರಲಿ. ಎರಡೂ ಅಡುಗೆಮನೆಯ ನೀರು ಚರಂಡಿಗೆ ಸೇರುವ ಮೊದಲು ಜಿಡ್ಡು ತಡೆಯುವ ಗುಂಡಿ ಬೇಕು. 3 ಅಡಿ ಉದ್ದ, ಅಗಲ, ಆಳದ ಗುಂಡಿ ಸುಮಾರು 760 ಲೀಟರ್ ಹಿಡಿಯುತ್ತದೆ. ನಡುವೆ ತಳ ಮುಟ್ಟದ ಅಡ್ಡಗೋಡೆ ಹಾಕಿದರೆ ಕೊಬ್ಬು ಮೇಲೆ ತೇಲಿ ನಿಲ್ಲುತ್ತದೆ, ನೀರು ಕೆಳಗಿನಿಂದ ದಾಟುತ್ತದೆ. ಪ್ರತಿ ದೊಡ್ಡ ಊಟದ ಮರುದಿನ ಮೇಲಿನ ಜಿಡ್ಡು ತೆಗೆಯದಿದ್ದರೆ ಚಿಕ್ಕಮಗಳೂರಿನ ಚಳಿಯಲ್ಲಿ ಅದು ಗಟ್ಟಿಯಾಗಿ ಕೊಳವೆಯನ್ನೇ ಮುಚ್ಚುತ್ತದೆ. ಬಾಡಿಗೆಯ ಠೇವಣಿಯಲ್ಲೇ ಈ ಶುಚಿಯ ಖರ್ಚು ಹಿಡಿದುಕೊಳ್ಳಬೇಕು.

ಸಂತೆ, ಮಾರುಕಟ್ಟೆ, ಮೆರವಣಿಗೆ

ಸಂತೆಯನ್ನು ಊರ ಹೊರಗಿನ ಸಿಮೆಂಟ್ ಕಟ್ಟೆಗಳಿಗೆ ಸಾಗಿಸಿದರೆ ಊರೇ ಸ್ವಚ್ಛವಾಯಿತು ಎಂದುಕೊಳ್ಳುವವರಿದ್ದಾರೆ. ಬೀದಿಬದಿ ವ್ಯಾಪಾರಿಗಳ 2014ರ ಕಾಯ್ದೆ ಇದಕ್ಕೆ ಕಡಿವಾಣ ಹಾಕಿದೆ. ಮಾರುವವರು, ಕೊಳ್ಳುವವರು ರೂಢಿಯಿಂದ ಸೇರುವ ಜಾಗವನ್ನು ಸಹಜ ಮಾರುಕಟ್ಟೆ ಎಂದು ಗುರುತಿಸಿದ ಮೇಲೆ ಅದನ್ನು ವ್ಯಾಪಾರ ನಿಷಿದ್ಧ ವಲಯ ಮಾಡುವಂತಿಲ್ಲ. 50 ವರ್ಷ ದಾಟಿದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು, ಅಲ್ಲಿನವರನ್ನು ಎಬ್ಬಿಸಬಾರದು. ಬೇರೆ ಕಡೆ ಎಬ್ಬಿಸುವುದಾದರೂ 30 ದಿನದ ನೋಟಿಸು ಬೇಕು. ಈ ಕಾಯ್ದೆಯಂತೆ ರಚಿಸುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಹಾಸನದ ಸಂತೆಪೇಟೆ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ಕೂರುವವರ ಪರವಾಗಿ ಮಾತಾಡುವವರು ಮೊದಲು ಕೇಳಬೇಕಾದ್ದು ಈ ಸಮಿತಿಯ ನಡಾವಳಿಯ ಪ್ರತಿಯನ್ನು.

ವ್ಯಾಪಾರಿಗಳ ಸಮೀಕ್ಷೆ ಮಾಡುವವರು ಬೆಳಿಗ್ಗೆ 11ಕ್ಕೆ ಹೋದರೆ ಅರ್ಧ ಜನ ಸಿಗುವುದಿಲ್ಲ. ಸೊಪ್ಪಿನವರು 8ರೊಳಗೆ ಮುಗಿಸಿ ಹೋಗಿರುತ್ತಾರೆ, ಗೋಬಿ, ಪಾನಿಪುರಿ, ಮೀನು ಕರಿಯುವವರು ಸಂಜೆ 5ರ ನಂತರ. ಒಂದೇ ಜಾಗಕ್ಕೆ ದಿನದಲ್ಲಿ ಮೂರು ವ್ಯಾಪಾರಿಗಳು ಇರಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸುತ್ತು, ಅದರಲ್ಲಿ ಒಂದು ಸಂತೆಯ ದಿನ, ಇಷ್ಟು ಆಗದ ಪಟ್ಟಿಯನ್ನು ಅಂತಿಮ ಎನ್ನಬಾರದು.

ಮೀನು, ಮಾಂಸದ ಅಂಗಡಿಗಳ ತಕರಾರು ಬಂದಾಗ ವಾಸನೆಯ ತಕರಾರನ್ನು ಜಾತಿಯ ತಕರಾರಿನಿಂದ ಬೇರ್ಪಡಿಸಿ. ವಾಸನೆಗೆ ತಾಂತ್ರಿಕ ಉತ್ತರವಿದೆ: 5 ಅಡಿಗೆ 1 ಅಂಗುಲ ಇಳಿಜಾರಿನ, ಗುಂಡಿ ಬೀಳದ ನೆಲ, ಜಾಲರಿ ಹಾಕಿದ ಮುಚ್ಚಿದ ಚರಂಡಿ, ತೊಳೆಯಲು ನಲ್ಲಿ, ದಿನಕ್ಕೆ ಎರಡು ಸಲ ತ್ಯಾಜ್ಯ ಎತ್ತುವ ಗಾಡಿ, ಕೆರೆಗೆ ಹೋಗುವ ರಾಜಕಾಲುವೆಗೆ ಸಂಪರ್ಕ ಇಲ್ಲದಿರುವುದು. ಇದೆಲ್ಲ ಆದ ಮೇಲೂ ದೂರ ಕಳಿಸಿ ಎಂಬ ಒತ್ತಾಯ ನಿಲ್ಲದಿದ್ದರೆ ಸಮಸ್ಯೆ ವಾಸನೆಯದ್ದಲ್ಲ ಎಂದು ಕಡತದಲ್ಲೇ ಬರೆಯಬಹುದು.

ಮೆರವಣಿಗೆಗಳ ವಿಷಯ ಚಿಕ್ಕದು. ತೇರು, ಗಣೇಶ, ಈದ್ ಮಿಲಾದ್, ಇಗರ್ಜಿಯ ಮೆರವಣಿಗೆ ಹೋಗುವ ದಾರಿಗಳನ್ನು ಒಂದೇ ನಕ್ಷೆಯ ಮೇಲೆ ಬೇರೆ ಬೇರೆ ಗೆರೆಯಲ್ಲಿ ಎಳೆಯಿರಿ. ಗೆರೆ ಹೋಗುವ ರಸ್ತೆಯಲ್ಲಿ ಸಿಮೆಂಟಿನ ಖಾಯಂ ಡಿವೈಡರ್, ಕಮಾನು, ತಗ್ಗಿದ ತಂತಿ ಬೇಡ. ಪ್ರತಿ ವರ್ಷ ಸೆಸ್ಕ್ ಅಥವಾ ಮೆಸ್ಕಾಂ ವಿದ್ಯುತ್ ಕಂಪನಿಯವರು ತೇರಿನ ದಿನ ತಂತಿ ಬಿಚ್ಚಿ ಕಟ್ಟುವ ಬದಲು ಆ ಒಂದು ಬೀದಿಗೆ ನೆಲದಡಿಯ ಕೇಬಲ್ ಹಾಕಿದರೆ ಮುಗಿಯಿತು. ಹಾಸನಾಂಬ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಆ ದಿನಗಳಲ್ಲಿ ಸರತಿಯ ಬೇಲಿಯೊಳಗೆ ಸಿಕ್ಕಿಕೊಳ್ಳುವ ಮನೆಯವರಿಗೆ ಹೊರಬರಲು ಪ್ರತಿ ಅಡ್ಡರಸ್ತೆಯಲ್ಲಿ ತೆರೆಯುವ ಗೇಟು ಇರಬೇಕು. ಇದು ಭಕ್ತರ ವ್ಯವಸ್ಥೆಯ ಪಟ್ಟಿಯಲ್ಲಿ ಬರುವುದಿಲ್ಲ, ನಿವಾಸಿಗಳ ಪಟ್ಟಿಯಲ್ಲಿ ಬರಬೇಕು.

ಸ್ಮಶಾನದ ಗುಂಟೆ

ಎಲ್ಲರೂ ಮುಂದೂಡುವ ವಿಷಯ ಇದು, ಹಾಗಾಗಿ ಸ್ವಲ್ಪ ನಿಂತು ನೋಡೋಣ. ಸ್ಮಶಾನಕ್ಕೆ ಇಷ್ಟು ಎಕರೆ ಎಂದು ಒಟ್ಟಾಗಿ ಬಿಟ್ಟರೆ ಯಾರಿಗೂ ಸಾಲುವುದಿಲ್ಲ, ಏಕೆಂದರೆ ಮಣ್ಣು ಮಾಡುವ ರೀತಿಯೇ ಬೇರೆ. ಲಿಂಗಾಯತರು ಕೂರಿಸಿ ಮಣ್ಣು ಮಾಡುತ್ತಾರೆ, ಗುಣಿ ಹೆಚ್ಚು ಕಡಿಮೆ ಚೌಕ. ಮುಸ್ಲಿಮರದು ಉದ್ದ ಗುಣಿ, ಮುಖ ಪಶ್ಚಿಮಕ್ಕೆ ಬರಬೇಕಾದ್ದರಿಂದ ದೇಹ ಉತ್ತರ ದಕ್ಷಿಣ. ಜಾಗದ ಬೇಲಿ ಓರೆಯಾಗಿದ್ದರೂ ಸಾಲು ಓರೆಯಾಗುವಂತಿಲ್ಲ, ಮೂಲೆಗಳೆಲ್ಲ ವ್ಯರ್ಥ. ಹಾಗಾಗಿ ಖಬರಸ್ತಾನಕ್ಕೆ ತ್ರಿಕೋನದ ತುಂಡು ಕೊಟ್ಟು ಅಳತೆ ಸರಿಯಿದೆ ಎನ್ನುವುದು ಲೆಕ್ಕದ ಮೋಸ. ಕ್ರೈಸ್ತರಲ್ಲಿ ಕುಟುಂಬದ ಸಮಾಧಿ, ಕಾಂಕ್ರೀಟು. ಒಕ್ಕಲಿಗರಲ್ಲಿ ಸುಡುವವರೂ ಇದ್ದಾರೆ, ತಮ್ಮ ತೋಟದಲ್ಲೇ ಹೂಳುವವರೂ ಇದ್ದಾರೆ. ಜಮೀನು ಇಲ್ಲದ ದಲಿತ ಕುಟುಂಬಕ್ಕೆ ಆ ಎರಡನೆಯ ದಾರಿ ಇಲ್ಲ, ಸಾರ್ವಜನಿಕ ಸ್ಮಶಾನವೇ ಗತಿ.

ಲೆಕ್ಕ ಹೀಗೆ. ವರ್ಷಕ್ಕೆ ಸಾವಿರಕ್ಕೆ 7 ಸಾವು ಎಂದು ಹಿಡಿಯಿರಿ. ಹೂಳುವ 5,000 ಜನರಿಗೆ ವರ್ಷಕ್ಕೆ 35 ಗುಣಿ. 7×3 ಅಡಿಯ ಗುಣಿಗೆ ಅಂತರ, ಕಾಲುದಾರಿ ಸೇರಿ 40 ಚದರಡಿ. ವರ್ಷಕ್ಕೆ 1,400 ಚದರಡಿ. ಗುಂಟೆಗೆ 1,089 ಚದರಡಿ, ಅಂದರೆ ವರ್ಷಕ್ಕೆ ಒಂದೂಕಾಲು ಗುಂಟೆಗಿಂತ ಸ್ವಲ್ಪ ಹೆಚ್ಚು. 15 ವರ್ಷದ ಮೇಲೆ ಮೊದಲ ಸಾಲಿಗೆ ಮರಳಬಹುದು ಎಂದಾದರೆ 21,000 ಚದರಡಿ, ಹತ್ತಿರ ಹತ್ತಿರ ಅರ್ಧ ಎಕರೆ ಸಾಕು. ಆದರೆ ಅರ್ಧದಷ್ಟು ಕುಟುಂಬಗಳು ಕಾಂಕ್ರೀಟ್ ಸಮಾಧಿ ಕಟ್ಟಿದರೆ ಆ ಜಾಗ ಮರಳಿ ಬರುವುದಿಲ್ಲ. 15 ವರ್ಷದಲ್ಲಿ 9-10 ಗುಂಟೆ ಖಾಯಂ ಹೋಯಿತು. ಸಮುದಾಯದ ಹಿರಿಯರ ಜತೆ ಈ ಲೆಕ್ಕವನ್ನು ಬಿಚ್ಚಿಟ್ಟು ಮಾತಾಡಿದರೆ ಕಲ್ಲಿನ ಗುರುತು ಸಾಕು, ಕಟ್ಟಡ ಬೇಡ ಎಂಬ ಒಪ್ಪಂದಕ್ಕೆ ಅವರೇ ಬರಬಹುದು. ಕಚೇರಿಯಿಂದ ಆದೇಶ ಹೋದರೆ ಅದೇ ಮಾತು ಅವಮಾನವಾಗುತ್ತದೆ.

ಜಾಗ ನೋಡಲು ಮಾರ್ಚಿನಲ್ಲಿ ಹೋಗಬೇಡಿ. ಆಗ ಎಲ್ಲ ನೆಲವೂ ಒಣಗಿರುತ್ತದೆ. ಆಗಸ್ಟ್ ಕೊನೆಯಲ್ಲಿ ಮೂರು ಕಡೆ 7 ಅಡಿ ಗುಂಡಿ ತೋಡಿಸಿ ಒಂದು ರಾತ್ರಿ ಬಿಟ್ಟು ನೋಡಿ. ನೀರು ಬಂದರೆ, ಬಂಡೆ ಸಿಕ್ಕರೆ ಜಾಗ ಬದಲಿಸಿ. ಗದ್ದೆಯ ಬಯಲಿನ, ಕೆರೆ ಹಿಂಭಾಗದ ಅಗ್ಗದ ಜಮೀನನ್ನು ಸ್ಮಶಾನಕ್ಕೆ ತೋರಿಸುವ ಚಾಳಿ ಈ ಒಂದು ಪರೀಕ್ಷೆಯಲ್ಲಿ ಬಯಲಾಗುತ್ತದೆ. ಸುಡುವ ಜಾಗಕ್ಕೆ ಮಲೆನಾಡಿನಲ್ಲಿ ಎತ್ತರದ ತಗಡಿನ ಚಾವಣಿ, ಪಕ್ಕದಲ್ಲೇ ಒಣ ಸೌದೆ ಇಡುವ ಕೋಣೆ ಇಲ್ಲದಿದ್ದರೆ ಜುಲೈ ತಿಂಗಳ ಅಂತ್ಯಕ್ರಿಯೆ ಯಾತನೆ.

ಇನ್ನು ದಾರಿ. ಪಹಣಿಯಲ್ಲಿ ಸ್ಮಶಾನ ಇದೆ, ಅಲ್ಲಿಗೆ ಹೋಗುವ ದಾರಿ ಇನ್ನೊಬ್ಬರ ಹೊಲದ ಬದುವಿನ ಮೇಲೆ. ಹೆಣ ಹೊತ್ತವರನ್ನು ತಡೆಯುವ ಜಗಳಗಳೆಲ್ಲ ಹುಟ್ಟುವುದು ಇಲ್ಲೇ. ಸ್ಮಶಾನ ಮಂಜೂರಾಗುವ ಕಡತದಲ್ಲೇ ಶವವಾಹನ ಹೋಗುವ 12 ಅಡಿ ದಾರಿಯನ್ನೂ ಅಳತೆ ಮಾಡಿ ಕಲ್ಲು ಹಾಕಿಸಿ ದಾಖಲೆಗೆ ತರಬೇಕು. ದಾರಿ ಆಮೇಲೆ ನೋಡೋಣ ಎಂದವರ ಕಾಲದಲ್ಲಿ ದಾರಿ ಆಗುವುದಿಲ್ಲ.

ಕೊನೆಯ ನಲ್ಲಿ

ನೀರಿನ ಜಾತಿ ಗೊತ್ತಾಗುವುದು ಪೈಪಿನ ತುದಿಯಲ್ಲಿ. ಊರಿನ ಕೊನೆಗೆ ಇಟ್ಟ ಕಾಲೊನಿ ಪೈಪಿನ ಕೊನೆಯೂ ಆಗಿರುತ್ತದೆ. ಹಾಸನಕ್ಕೆ ಹೇಮಾವತಿ ನೀರು ಬರಲಿ, ಚಿಕ್ಕಮಗಳೂರಿಗೆ ಯಗಚಿಯದು ಬರಲಿ, ಮೇಲಿನ ಮನೆಗಳ ಸಂಪು ತುಂಬಿದ ಮೇಲೆ ಉಳಿದದ್ದು ಕೆಳಗೆ. ನಗರದ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. 200 ಮನೆ, ಮನೆಗೆ 5 ಜನ ಎಂದರೆ ದಿನಕ್ಕೆ 1,35,000 ಲೀಟರ್. ಮೂರು ದಿನಕ್ಕೊಮ್ಮೆ ಬಿಡುವುದಾದರೆ ಒಂದು ಸರದಿಗೆ 4,05,000. ಸಂಪು, ಮೋಟಾರು ಇಲ್ಲದ ಮನೆ ಅದರಲ್ಲಿ ತನ್ನ ಪಾಲನ್ನು ಕೊಡದಲ್ಲಿ ಹಿಡಿಯಲಾರದು. ಹೊಸ ಕೊಳವೆ ಹಾಕುವುದಾದರೆ ಟ್ಯಾಂಕಿನಿಂದ ಕಾಲೊನಿಗೆ ಪ್ರತ್ಯೇಕ ಸಾಲು, ಪ್ರತ್ಯೇಕ ವಾಲ್ವ್. ಹಳೆಯದರಲ್ಲೇ ನಡೆಸುವುದಾದರೆ ವಾರ ಬಿಟ್ಟು ವಾರ ಮೊದಲ ಸರದಿ ಕೆಳಗಿನವರಿಗೆ, ಮೇಲಿನ ವಾಲ್ವ್ ಮುಚ್ಚಿ. ವಾಲ್ವ್ ತಿರುಗಿಸುವ ನೀರುಗಂಟಿಯ ಸಮಯದ ಪಟ್ಟಿಯನ್ನು ಎರಡೂ ಕಡೆ ಗೋಡೆಗೆ ಅಂಟಿಸಿ. ಪಟ್ಟಿ ಇಲ್ಲದಿದ್ದರೆ ಒತ್ತಡ ಬೀಳುವುದು ಪಾಪ ಆ ಮನುಷ್ಯನ ಮೇಲೆ.

ನಗರಸಭೆ ಬಜೆಟ್ಟಿನಲ್ಲಿ ಪರಿಶಿಷ್ಟರಿಗೆ ಶೇ 24.10, ಇತರೆ ಹಿಂದುಳಿದ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಮೀಸಲಿಡುವ ಹಣ ಇಂಥ ಕೆಲಸಕ್ಕೆ ಬರಬೇಕಾದ್ದು. ಬಹಳ ಸಲ ಅದು ಕಾಲೊನಿಯ ಪಕ್ಕದ ಮುಖ್ಯರಸ್ತೆಯ ಡಾಂಬರಿಗೆ ಹೋಗುತ್ತದೆ. ಕ್ರಿಯಾಯೋಜನೆಯಲ್ಲಿ ಕಾಮಗಾರಿಯ ಹೆಸರಿನ ಜತೆ ಎಲ್ಲಿಂದ ಎಲ್ಲಿಗೆ ಎಂಬುದನ್ನು ಓದಿ, ಹೆಸರೊಂದನ್ನೇ ನಂಬಬೇಡಿ.

ಕೇಳುವ ಕ್ರಮ

ವಾರ್ಡಿನ ಸಭೆ ಎಲ್ಲಿ, ಎಷ್ಟು ಹೊತ್ತಿಗೆ ಎಂಬುದರಲ್ಲೇ ಯಾರು ಬರುತ್ತಾರೆಂಬುದು ತೀರ್ಮಾನವಾಗಿರುತ್ತದೆ. ದೇವಸ್ಥಾನದ ಜಗಲಿಯಲ್ಲಿ ಕರೆದರೆ ಕೆಲವರು ಬರುವುದಿಲ್ಲ, ಬಂದರೂ ಕೆಳಗೆ ನಿಲ್ಲುತ್ತಾರೆ. ಸರ್ಕಾರಿ ಶಾಲೆ, ಅಂಗನವಾಡಿ ಒಳ್ಳೆಯದು. ಶುಕ್ರವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ ಬೇಡ. ತೋಟದ ಕೆಲಸದವರಿಗೆ ವಾರದ ರಜೆ ಸಾಮಾನ್ಯವಾಗಿ ಸಂತೆಯ ದಿನ, ಆ ದಿನ ಸಂತೆಯ ಹತ್ತಿರವೇ ಸಿಗುತ್ತಾರೆ. ನವೆಂಬರ್‌ನಿಂದ ಮಾರ್ಚ್ ತನಕ ಕಾಫಿ ಕೊಯ್ಲು, ಅವರಿಗೆ ಪುರುಸೊತ್ತಿಲ್ಲ. ಮಲೆನಾಡಿನ ಕೆಲವು ಊರುಗಳಲ್ಲಿ ಸುಗ್ಗಿ ಹಬ್ಬಕ್ಕೆ ಸಾರು ಹಾಕಿದ, ಅಂದರೆ ಹಬ್ಬ ಸಾರಿದ ಮೇಲೆ ಮರ ಕಡಿಯುವಂತಿಲ್ಲ, ಕಾಮಗಾರಿಯ ವೇಳಾಪಟ್ಟಿ ಮಾಡುವಾಗ ಊರಿನವರನ್ನು ಕೇಳಿ. ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ಹಾಸನದಲ್ಲಿ ಭಾನುವಾರ ಸಂಜೆ ಬಿಟ್ಟರೆ ಹಿಡಿಯಲಾಗದು, ಅವರು ಹೇಳುವುದು ಬಸ್ಸಿಳಿದು ಮನೆ ಸೇರುವ ಆ ಅರ್ಧ ಕಿಲೋಮೀಟರ್ ಕತ್ತಲೆಯ ಬಗ್ಗೆ.

ಮೊದಲು ಒಂದೇ ದೊಡ್ಡ ಸಭೆ ಕರೆಯುವುದು ತಪ್ಪು ಕ್ರಮ. ಕೇರಿಯ ಯಜಮಾನರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. 12-15 ಜನರ ಸಣ್ಣ ಗುಂಪುಗಳು ಮೊದಲು: ಹೆಂಗಸರ ಸಂಘದ ವಾರದ ಸಭೆಗೆ ನೀವೇ ಹೋಗಿ, ಬಾಡಿಗೆದಾರರದ್ದು ಬೇರೆ, ಪೌರಕಾರ್ಮಿಕರದ್ದು ಬೇರೆ. ಉರ್ದು, ತಮಿಳು, ಲಂಬಾಣಿ, ಹಿಂದಿ ಬಲ್ಲ ಒಬ್ಬರು ಬರೆದುಕೊಳ್ಳಲು ಇರಲಿ. ವಾರ್ಡಿನಲ್ಲಿ ಯಾರು ಎಷ್ಟು ಎಂದು ಜನಗಣತಿ ನೋಡಿದರೆ ಪರಿಶಿಷ್ಟ ಜಾತಿ, ಪಂಗಡದ ಸಂಖ್ಯೆ ವಾರ್ಡುವಾರು ಸಿಗುತ್ತದೆ, ಧರ್ಮ ಮತ್ತು ಭಾಷೆಯದು ಸಿಗುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆಯ ಮನೆ ಪಟ್ಟಿ ಅದಕ್ಕಿಂತ ನಿಖರ. 3 ಲಕ್ಷಕ್ಕಿಂತ ಕಡಿಮೆ ಜನರ ಊರಿಗೆ ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿಲ್ಲ. ಹಾಗಾಗಿ ಅಂಥ ಊರುಗಳಲ್ಲಿ ಈ ಕೇಳುವ ಕೆಲಸಕ್ಕೆ ಯಾರೋ ಒಬ್ಬರು ಹೆಗಲು ಕೊಡಲೇಬೇಕು.

ನಕ್ಷೆ ಓದಲು ಬಾರದವರು ಬಹಳ. ಸರ್ವೆ ನಂಬರಿನ ಬದಲು ಅರಳಿಕಟ್ಟೆ, ನ್ಯಾಯಬೆಲೆ ಅಂಗಡಿ, ಮಸೀದಿ, ಟ್ಯಾಂಕು, ಮಾರಿಗುಡಿ ಬರೆದ ಕೈನಕ್ಷೆ ಮಾಡಿ, ಅದನ್ನು ಹಿಡಿದು ಅವರ ಜತೆ ನಡೆಯಿರಿ. ಆಮೇಲೆ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ದಾಖಲೆ), ಪಹಣಿ ತೆಗೆದು ಹೋಲಿಸಿ. ಬಂಡಿದಾರಿ, ಗುಂಡುತೋಪು, ಗೋಮಾಳ, ಸ್ಮಶಾನ, ಕಾಲುವೆ ಇವು ಬಿ ಖರಾಬಿನಲ್ಲಿವೆಯೋ ಎಂದು ನೋಡಿ. ಬಿ ಖರಾಬು ಎಂದರೆ ಸಾಗುವಳಿಗಲ್ಲದ, ಸಾರ್ವಜನಿಕ ಉಪಯೋಗದ ನೆಲ. ಮಾಸ್ಟರ್ ಪ್ಲಾನಿನ ಹಳದಿ ಅದರ ಮೇಲೂ ಹರಡಿದ್ದರೆ ಆಕ್ಷೇಪಣೆ ಹಾಕಲು ಅದಕ್ಕಿಂತ ಗಟ್ಟಿ ಆಧಾರವಿಲ್ಲ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು, ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಗಡುವು ಅಧಿಸೂಚನೆಯಲ್ಲೇ ಇರುತ್ತದೆ, ಪತ್ರಿಕೆಯಲ್ಲಿ ಓದಿದ ದಿನದಿಂದಲ್ಲ, ಅಧಿಸೂಚನೆಯ ದಿನಾಂಕದಿಂದ ಎಣಿಸಿ. ಆಕ್ಷೇಪಣೆ ಒಂದು ಪುಟ ಮೀರದಿರಲಿ: ನಕ್ಷೆಯ ಹಾಳೆ ಸಂಖ್ಯೆ, ಗ್ರಾಮ, ಸರ್ವೆ ನಂಬರ್, ಈಗಿನ ಬಳಕೆ, ಪ್ಲಾನಿನಲ್ಲಿ ತೋರಿಸಿದ ಬಳಕೆ, ನಿಮಗೆ ಬೇಕಾದ ಬದಲಾವಣೆ. ನಮ್ಮ ಸಂಸ್ಕೃತಿಗೆ ಧಕ್ಕೆ ಎಂಬಂಥ ವಾಕ್ಯದ ಮೇಲೆ ಯಾವ ಅಧಿಕಾರಿಯೂ ತೀರ್ಮಾನ ಬರೆಯಲಾರ. ಇಂಥ ಸರ್ವೆ ನಂಬರಿನ 12 ಅಡಿ ದಾರಿಯಲ್ಲಿ ಇಂಥ ಕೇರಿಯವರು ಸ್ಮಶಾನಕ್ಕೆ ಹೋಗುತ್ತಾರೆ, ಅದನ್ನು ರಸ್ತೆ ಎಂದು ತೋರಿಸಿ ಎಂಬುದರ ಮೇಲೆ ಬರೆಯಬಲ್ಲ. ನೂರು ಸಹಿಯ ಒಂದೇ ಅರ್ಜಿ ಒಂದು ಆಕ್ಷೇಪಣೆ ಎಂದು ದಾಖಲಾಗಬಹುದು, ಒಂದೊಂದು ಮನೆಯಿಂದ ಒಂದೊಂದು ಹಾಕಿ. ಪ್ರತಿಯೊಂದಕ್ಕೂ ಸೀಲು, ದಿನಾಂಕ, ಆವಕ ಸಂಖ್ಯೆ ಇರುವ ಸ್ವೀಕೃತಿ ಪಡೆಯಿರಿ. ಉತ್ತರ ಬರದಿದ್ದರೆ ಆ ಆವಕ ಸಂಖ್ಯೆ ಹಾಕಿಯೇ ಮಾಹಿತಿ ಹಕ್ಕಿನಲ್ಲಿ ಕೇಳಬೇಕು, 30 ದಿನದೊಳಗೆ ಅವರು ಉತ್ತರಿಸಬೇಕು.